ಹಳೆಯ ಕಂಪ್ಯೂಟರ್ ಕ್ಯಾಬಿನೆಟ್‌ನ ಮೇಲ್ಭಾಗ ಕತ್ತರಿಸಿ, ನೀರಿನಿಂದ ತಂಪು ಮಾಡುವ 240 ಮಿ.ಮೀ. ರೇಡಿಯೇಟರ್ ಕೂರಿಸುವುದು ಹೇಗೆ?

ಕತ್ತರಿಸುವ ಮೊದಲು ಅಳತೆ ನೋಡಿ. 240 ಅಂದರೆ ಎರಡು ಫ್ಯಾನ್‌ಗಳ ಉದ್ದ ಮಾತ್ರ. ತುದಿಯ ಟ್ಯಾಂಕ್‌ಗಳು ಸೇರಿ ರೇಡಿಯೇಟರ್ ಸುಮಾರು 275 ಮಿ.ಮೀ. ಆಗುತ್ತದೆ. ದಪ್ಪ 27, ಫ್ಯಾನ್ 25, ಒಟ್ಟು 52 ಮಿ.ಮೀ. ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ: ಎತ್ತರದ ರ‍್ಯಾಮ್ ಅಥವಾ ಮದರ್‌ಬೋರ್ಡ್‌ನ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡು) ಫ್ಯಾನ್ ತಾಗುತ್ತದೆ. ಒಳಗೆ ಜಾಗವಿಲ್ಲದಿದ್ದರೆ ರೇಡಿಯೇಟರನ್ನು ಮೇಲೆ, ಹೊರಗೇ ಇಡಿ. ನೋಟ ಕೆಟ್ಟರೂ ಗಾಳಿ ಚೆನ್ನಾಗಿ ಆಡುತ್ತದೆ.

ಎಲ್ಲ ಭಾಗಗಳನ್ನೂ ಹೊರತೆಗೆಯಿರಿ, ಪವರ್ ಸಪ್ಲೈ ಕೂಡ. ಒಂದು ಚೂರು ಲೋಹದ ಪುಡಿ ಬೋರ್ಡ್ ಮೇಲೆ ಉಳಿದರೂ ಶಾರ್ಟ್ ಆಗಬಹುದು. ಮಾಸ್ಕಿಂಗ್ ಟೇಪ್ ಅಂಟಿಸಿ, ರೇಡಿಯೇಟರನ್ನೇ ಅಚ್ಚಾಗಿಟ್ಟು ಗುರುತು ಹಾಕಿ. 120 ಮಿ.ಮೀ. ಫ್ಯಾನಿನ ಸ್ಕ್ರೂ ತೂತುಗಳ ಅಂತರ 105 ಮಿ.ಮೀ.; ಎರಡು ಫ್ಯಾನ್‌ಗಳ ನಡುವಿನ ಅಂತರ ಮಾತ್ರ ರೇಡಿಯೇಟರ್‌ನಿಂದ ರೇಡಿಯೇಟರ್‌ಗೆ ಬದಲಾಗುತ್ತದೆ, ಊಹಿಸಬೇಡಿ. ಸ್ಕ್ರೂಗೆ 4 ಮಿ.ಮೀ. ಡ್ರಿಲ್, ಗಾಳಿಗೆ ಸುಮಾರು 114 ಮಿ.ಮೀ. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಸಾಕು. ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಪ್ರೈಮರ್ ಬಳಿದು, ರಬ್ಬರ್ ಬೀಡಿಂಗ್ ಹಾಕಿ.

ಸ್ಕ್ರೂ ಉದ್ದದಲ್ಲಿ ಅವಸರ ಬೇಡವೇ ಬೇಡ. ರೇಡಿಯೇಟರ್ ಒಳಗೆ 4-5 ಮಿ.ಮೀ.ಗಿಂತ ಹೆಚ್ಚು ಇಳಿದರೆ ತುದಿ ನೀರಿನ ಕೊಳವೆಯನ್ನೇ ಚುಚ್ಚಬಹುದು.