ಹತ್ತು ತಿಂಗಳ ಬಾಡಿಗೆ

ಬಳ್ಳಾರಿಯಲ್ಲಿ ಕೂತು ಕುಟುಂಬಗಳ ಕಷ್ಟ ಕೇಳುವ ನನಗೆ ಈ ಜಗಳ ಹೊಸದಲ್ಲ. ಗಂಡನಿಗೆ ಬಾಡಿಗೆ ಮನೆ ಕಟ್ಟುವ ಆಸೆ, ಹೆಂಡತಿಗೆ ನಿದ್ದೆಯಿಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಒಂದು ಪ್ರಕರಣ ಬರೆದಿದ್ದೇನೆ.

ಇಬ್ಬರಿಗೂ ನಲವತ್ತು ದಾಟಿದೆ. ಊರಂಚಿನಲ್ಲಿ ಸೈಟಿದೆ. ಕೆಳಗೆ ಎರಡು, ಮೇಲೆ ಎರಡು ಮನೆ ಕಟ್ಟುವ ಯೋಚನೆ. 30 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 20 ವರ್ಷ. ಕಂತು ತಿಂಗಳಿಗೆ ಸುಮಾರು 27,000. ದುಡ್ಡು ಕಡಿಮೆ ಬಿದ್ದರೆ ಆಕೆಯ ಬಂಗಾರ.

ಎರಡನೇ ಭೇಟಿಯಲ್ಲಿ ಆತ ನೋಟುಬುಕ್ಕಿನ ಹಾಳೆ ಮುಂದಿಟ್ಟರು. ನಾಲ್ಕು ಮನೆ, ತಲಾ 7,500, ಒಟ್ಟು 30,000. ಕೆಳಗೆ ಎರಡು ಗೆರೆ. "ಬಾಡಿಗೆನೇ ಕಂತು ಕಟ್ತದ ಮೇಡಂ."

ಅಲ್ಲಿವರೆಗೂ ಸುಮ್ನಿದ್ದ ಆಕೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡರು. "ಇದರಾಗ ಮನೆ ಖಾಲಿ ಇರೋ ತಿಂಗಳು ಎಲ್ಲಿ ಬರ್ದೀರಿ?"

ಆಮೇಲೆ ತವರಿನ ಮಾತು ಬಂತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಆಕೆಯ ಅಪ್ಪನ ಎರಡೂ ಬಾಡಿಗೆ ಮನೆಗೆ ಬೀಗ ಬಿತ್ತು. ಲಾರಿ ಓಡಿಸುತ್ತಿದ್ದವರು ಊರು ಬಿಟ್ಟಿದ್ದರು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಮಳೆಗೆ ನೆನೆದೂ ನೆನೆದೂ, ಕೊನೆಗೆ 'ಇದೆ' ಅನ್ನೋದೊಂದೇ ಉಳಿದಿತ್ತಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಆತ ಈ ಮಾತು ಕೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು: ಭಾನುವಾರ ಆ ಬಡಾವಣೆಗೆ ಹೋಗಿ. ಮಾಲೀಕರನ್ನಲ್ಲ, ಬಾಡಿಗೆ ಕೊಡುವವರನ್ನು ಕೇಳಿ. ಆತ ಹೋಗಿ ಬಂದರು. ಮಾಲೀಕರು ಹೇಳೋದು 7,500, ಜನ ಕೊಡೋದು 6,500. ಅದೇ ಬೀದಿಯಲ್ಲಿ ಎರಡು ಮನೆಗೆ ಬೀಗ.

ಲೆಕ್ಕ ಮತ್ತೆ ಹಾಕಿದೆವು. ತಿಂಗಳಿಗೆ 26,000, ಆದರೆ ವರ್ಷಕ್ಕೆ ಹತ್ತೇ ತಿಂಗಳು. ಸುಣ್ಣಬಣ್ಣ, ಮೋಟರ್ ರಿಪೇರಿ, ಮನೆ ತೆರಿಗೆಗೆ 30,000 ತೆಗೆದಿಟ್ಟೆವು. ಕೈಗೆ ಬರೋದು 2,30,000. ಕಂತಿಗೆ ಬೇಕಾದ್ದು 3,24,000. ತಿಂಗಳಿಗೆ ಸುಮಾರು 7,800 ಸಂಬಳದಿಂದಲೇ ಹೋಗಬೇಕು. ಬಡ್ಡಿ 10 ಪರ್ಸೆಂಟ್ ಆದರೆ ಕಂತು 29,000ಕ್ಕೆ ಏರುತ್ತದೆ. ಅಡ್ವಾನ್ಸನ್ನು ಆದಾಯಕ್ಕೆ ಸೇರಿಸಲು ನಾನು ಬಿಡಲಿಲ್ಲ. ಅದು ವಾಪಸ್ ಕೊಡಬೇಕಾದ ದುಡ್ಡು, ಅಲ್ವಾ?

ಶುಭ ಕೆಲಸಕ್ಕೆ ಮೊದಲೇ ಅಪಶಕುನ ನುಡೀತೀರಿ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಕಟ್ಟಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಅಂದಾಜಿಗಿಂತ ಬಾಡಿಗೆ ಜಾಸ್ತಿ ಬಂದರೆ ಯಾವ ಮನೆಯಲ್ಲೂ ಜಗಳ ಆಗೋದಿಲ್ಲ. ಕಡಿಮೆ ಬಂದಾಗ ಗಿರವಿಗೆ ಹೋಗೋದು ಹೆಂಡತಿಯ ಬಳೆ, ನಿಲ್ಲೋದು ಮಗಳ ಕಾಲೇಜು ಫೀಸು. ಅದನ್ನು ಈ ಕೋಣೆಯಲ್ಲೇ ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಹತ್ತು ತಿಂಗಳು ಅಂತ ಹಟ ಹಿಡಿಯುತ್ತೇನೆ.

ಹೋಗುವಾಗ ಆತ ಹಾಳೆಯಲ್ಲಿದ್ದ ಮೇಲಿನ ಎರಡು ಮನೆಗಳನ್ನು ತಾವೇ ಹೊಡೆದು ಹಾಕಿದರು. ಕೆಳಗಿನ ಎರಡಕ್ಕೆ ಮಾತ್ರ ಹೊಸ ಎಸ್ಟಿಮೇಟ್ ಮಾಡಿಸಿಕೊಂಡು ಮುಂದಿನ ವಾರ ಬರುತ್ತಾರೆ. ಬಂಗಾರ ಸದ್ಯಕ್ಕೆ ಲಾಕರಿನಲ್ಲೇ ಇದೆ.