ಆ ಪತ್ರಗಳನ್ನ ನಾವು ಅಚ್ಚು ಹಾಕಲ್ಲ

ಮೇಡಂ, ನಮಸ್ಕಾರ. ಹೆಸರು ಬೇಡ ಅಂದಿದೀರಿ, ಹಾಕಿಲ್ಲ. ಬೇರೆ ಓದುಗರಿಗೋಸ್ಕರ ನಿಮ್ಮ ಪತ್ರದಲ್ಲಿ ಏನಿದೆ ಅಂತ ಎರಡು ಮಾತು. ನೀವಿರೋದು ಮೆಲ್ಬರ್ನಲ್ಲಿ, ಆಶ್ರಯ ಕೇಳ್ಕೊಂಡು ದೋಣೀಲಿ ಬಂದ ಒಬ್ಬರನ್ನ ಆಸ್ಟ್ರೇಲಿಯಾ ಸರ್ಕಾರ ಪೆಸಿಫಿಕ್ ಸಾಗರದ ಪುಟ್ಟ ದೇಶ ನೌರು ದ್ವೀಪದಲ್ಲಿ ಇಟ್ಟಿದೆ, ಅವರಿಗೂ ನಿಮಗೂ ಪತ್ರ ನಡೀತಿದೆ. ಅವರ ಪತ್ರಗಳನ್ನ ಕನ್ನಡಕ್ಕೆ ಮಾಡಿ ಕಳ್ಸಿದೀರಿ, ಛಾಪಿಸಿ ಅಂತೀರಿ. ಏನು ಬರೀಬೇಕೋ ತೋಚಲ್ಲ ಅಂತಾನೂ, ಕನ್ನಡ ಸಂಘದಲ್ಲಿ ಕೆಲವ್ರು "ಅವ್ರೆಲ್ಲ ಕ್ಯೂ ತಪ್ಪಿಸಿ ಬಂದವ್ರು" ಅಂತಾರೆ ಅಂತಾನೂ ಬರ್ದಿದೀರಿ.

ಪತ್ರಗಳು ಚೆನ್ನಾಗಿವೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೂ ಹಾಕಲ್ಲ.

ಇರಾನಿಂದ ಓಡಿ ಬಂದ ಬೆಹ್ರೂಜ್ ಬೂಚಾನಿ, ಆಸ್ಟ್ರೇಲಿಯಾ ಇಂಥವ್ರನ್ನ ಇಟ್ಟಿದ್ದ ಇನ್ನೊಂದು ಜಾಗ ಮಾನುಸ್ ದ್ವೀಪದಿಂದ (ಪಪುವಾ ನ್ಯೂಗಿನಿಯದ್ದು) ಮೊಬೈಲಲ್ಲೇ ಫಾರ್ಸಿಯಲ್ಲಿ ಟೈಪ್ ಮಾಡಿ ಕಳ್ಸಿ ಕಳ್ಸಿ ಇಡೀ ಪುಸ್ತಕ ಬರೀಲಿಲ್ವಾ, 2019ರಲ್ಲಿ ನಿಮ್ಮ ವಿಕ್ಟೋರಿಯಾ ರಾಜ್ಯದ ದೊಡ್ಡ ಸಾಹಿತ್ಯ ಬಹುಮಾನ ಬರ್ಲಿಲ್ವಾ ಅಂತ ಕೇಳಿದೀರಿ. ಬಂತು. ಆದ್ರೆ ಅವರು ಪತ್ರಕರ್ತರು, ಜಗತ್ತು ಓದ್ಲಿ ಅಂತಾನೇ ಬರೆದ್ರು, ತಮ್ಮ ಹೆಸರಲ್ಲೇ ಬರೆದ್ರು, ಏನಾದ್ರೂ ಆದ್ರೆ ಆಗ್ಲಿ ಅಂತ ತಾವೇ ತೀರ್ಮಾನ ಮಾಡಿದ್ರು. ನಿಮ್ಮ ಗೆಳೆಯರು ಬರ್ದಿರೋದು ನಿಮಗೆ. ಅಣ್ಣನ ವಿಷ್ಯ, ಊರಿನ ಮಸೀದಿ ಹಿಂದಿನ ಅಂಗಡಿ ವಿಷ್ಯ ಎಲ್ಲ ಇದೆ ಅದ್ರಲ್ಲಿ, ಹೆಸರು ತೆಗೆದು ಹಾಕಿದ್ರೂ ಆ ಊರಿನೋರು ಒಂದೇ ಪ್ಯಾರಾದಲ್ಲಿ ಯಾರು ಅಂತ ಹೇಳ್ಬಿಡ್ತಾರೆ. 2014ರ ಫೆಬ್ರುವರಿ ನೆನಪಿಸ್ಕೊಳ್ಳಿ, ಆಸ್ಟ್ರೇಲಿಯಾದ ಇಮಿಗ್ರೇಷನ್ ಇಲಾಖೇನೇ ಸುಮಾರು 10 ಸಾವಿರ ಜನರ ಹೆಸರು, ಹುಟ್ಟಿದ ದಿನ, ಯಾವ ದೇಶ ಎಲ್ಲಾನೂ ತನ್ನ ವೆಬ್‌ಸೈಟಲ್ಲಿ ಕೈತಪ್ಪಿ ಬಿಟ್ಬಿಟ್ಟಿತ್ತು, ಯಾವ ಸರ್ಕಾರಕ್ಕೆ ಹೆದರಿ ಓಡಿ ಬಂದಿದ್ರೋ ಅವ್ರಿಗೇ ವಿಳಾಸ ಕೊಟ್ಟಂಗಾಯ್ತು. ಕನ್ನಡದಲ್ಲಿ ಯಾರು ಓದ್ತಾರೆ ಅಂತೀರಾ? ಈಗ ಫೋನಲ್ಲಿ ಫೋಟೋ ಹೊಡೆದ್ರೆ ಯಾವ ಭಾಷೆ ಬೇಕಾದ್ರೂ ಆಗುತ್ತೆ ಮೇಡಂ.

ಇನ್ನೊಂದು, ಅವರ ಕೇಸು. 2013ರ ಜುಲೈ 19ಕ್ಕೆ ಆಗಿನ ಪ್ರಧಾನಿ ಕೆವಿನ್ ರಡ್ ಹೇಳಿದ್ದು, ದೋಣೀಲಿ ಬಂದವ್ರು ನಿಜವಾದ ನಿರಾಶ್ರಿತರು ಅಂತ ಸಾಬೀತಾದ್ರೂ ಆಸ್ಟ್ರೇಲಿಯಾದಲ್ಲಿ ನೆಲೆ ಇಲ್ಲ ಅಂತ. ಸರ್ಕಾರಗಳು ಬದಲಾದ್ವು, ಆ ಮಾತು ಬದಲಾಗ್ಲಿಲ್ಲ. 2023ರ ಜೂನಲ್ಲಿ ನೌರುವಲ್ಲಿದ್ದ ಹಳಬರನ್ನೆಲ್ಲ ಕರ್ಕೊಂಡು ಬಂದು ಖಾಲಿ ಮಾಡಿದ್ರು, ಸೆಪ್ಟೆಂಬರಿಗೇ ಹೊಸಬ್ರನ್ನ ಒಯ್ದು ಹಾಕಿದ್ರು! ಅಂದ್ರೆ ಇವರನ್ನ ಬೇರೆ ಯಾವ್ದೋ ದೇಶ ಕರೀಬೇಕು, ಅಲ್ಲಿನ ಅಧಿಕಾರಿ ಇವರು ಹೇಳಿದ್ದನ್ನೆಲ್ಲ ಅಕ್ಷರ ಅಕ್ಷರ ತಾಳೆ ನೋಡ್ತಾನೆ. ನಿಮಗೆ ಬರೆದ ಪತ್ರದಲ್ಲಿ ಒಂದು ತಾರೀಖು ಆಚೀಚೆ ಆಗಿದ್ರೆ? ಅದು ಅಚ್ಚಾಗಿ ಅವನ ಕೈಗೆ ಸಿಕ್ರೆ?

ಏನು ಬರೀಬೇಕು ಅಂದ್ರಿ. ನಿಮ್ಮ ಮನೆ ವಿಷ್ಯ ಬರೀರಿ, ಮಗನ ಸ್ಕೂಲು, ಟ್ರಾಮಲ್ಲಿ ಆದ ಜಗಳ, ಏನಾದ್ರೂ. ಯಾಕೆ ಓಡಿ ಬಂದ್ರಿ ಅಂತ ಮಾತ್ರ ಕೇಳ್ಬೇಡಿ, ಅದನ್ನ ಕೇಳೋ ಆಫೀಸರ್‌ಗಳು ಬೇಕಾದಷ್ಟಿದಾರೆ. ಬೇಗ ಬಿಡುಗಡೆ ಆಗುತ್ತೆ ಅಂತ ಸಮಾಧಾನ ಹೇಳೋದೂ ಬೇಡ, ಅದು ನಿಮ್ಮ ಕೈಲಿಲ್ಲ. ತಿಂಗಳಿಗೊಂದು ಸಾಕು, ಆದ್ರೆ ತಪ್ಪಿಸ್ಬೇಡಿ. 2001ರಲ್ಲಿ ನಾರ್ವೆಯ ಟ್ಯಾಂಪಾ ಹಡಗು ಸಮುದ್ರದಲ್ಲಿ ಕಾಪಾಡಿದ 433 ಜನರನ್ನ ಆಸ್ಟ್ರೇಲಿಯಾ ದಡಕ್ಕೆ ಬಿಡಲ್ಲ ಅಂದಾಗಿಂದ ಶುರುವಾಗಿದ್ದು ಈ ವ್ಯವಸ್ಥೆ, ಅದು ನಡೀತಿರೋದೇ ಆ ಜನ ನಮ್ಮ ಕಣ್ಣಿಗೆ ಬೀಳಬಾರದು ಅಂತ. ಮಾನುಸಲ್ಲಿ ಬೂಚಾನಿಗೂ ಒಂದು ನಂಬರ್ ಕೊಟ್ಟಿದ್ರು. ಹಾಗಾಗಿ ಪತ್ರದಲ್ಲಿ ಹೆಸರು ಹಿಡಿದು ಕರೀರಿ.

ಕ್ಯೂ ಅನ್ನೋರಿಗೆ ಏನು ಹೇಳೋದು? 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ ಓದೋಕೆ ಹೇಳಿ. ಜೀವಕ್ಕೆ ಹೆದರಿ ನೇರವಾಗಿ ಓಡಿ ಬಂದು ತಡಮಾಡ್ದೆ ಅಧಿಕಾರಿಗಳ ಮುಂದೆ ನಿಂತವ್ರನ್ನ ಕಾಗದಪತ್ರ ಇಲ್ಲ ಅಂತ ಶಿಕ್ಷಿಸಬಾರದು ಅಂತ ಅದ್ರಲ್ಲಿದೆ. ಆಸ್ಟ್ರೇಲಿಯಾ ಅದಕ್ಕೆ ಸಹಿ ಹಾಕಿದೆ. (ಭಾರತ ಹಾಕಿಲ್ಲ, ಅದರ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.) ವಯಸ್ಸು, ಓದು, ಕೆಲಸಕ್ಕೆಲ್ಲ ಪಾಯಿಂಟ್ಸ್ ಲೆಕ್ಕ ಹಾಕಿ ಪಿಆರ್ (ಅಲ್ಲೇ ಕಾಯಂ ಇರೋ ಪರವಾನಗಿ) ತಗೊಂಡ ಇಂಜಿನಿಯರು ನಿಂತಿದ್ದ ಕ್ಯೂನೇ ಬೇರೆ.

ಅಂದಹಾಗೆ ಆ ಸಂಘದ ಮಾತುಗಳಿವೆಯಲ್ಲ, ಅದನ್ನ ಬರೆದು ಕೊಡಿ. ನಮ್ಮವ್ರು ಅಲ್ಲಿ ಹೋಗಿ ಹೆಂಗೆ ಮಾತಾಡ್ತಾರೆ, ನೀವು ಏನು ಉತ್ತರ ಕೊಟ್ರಿ, ಯಾರು ಸುಮ್ಮನಾದ್ರು, ಯಾರು ಎದ್ದು ಹೋದ್ರು. ಅದು ನಿಮ್ಮದೇ ಅನುಭವ, ಅದನ್ನ ಖಂಡಿತ ಹಾಕ್ತೀವಿ. ನೀವು ಕಳ್ಸಿದ ಅನುವಾದಗಳನ್ನ ನಮ್ಮ ಮೇಲ್‌ನಿಂದ ಡಿಲೀಟ್ ಮಾಡಿದೀನಿ, ನಿಮ್ಮ ಹತ್ರ ಇನ್ನೊಂದು ಕಾಪಿ ಇದೆ ತಾನೇ?