ಸೈನ್ಯದಲ್ಲಿದ್ದುಕೊಂಡು ಕುಮ್ಸಾರಿಗೆ (ಪಾಪನಿವೇದನೆಗೆ) ಹೋಗುವುದು: ಕೋಡಿಬಾಗದ ತಮ್ಮನಿಗೆ

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಕೋಡಿಬಾಗದಿಂದ ಗ್ರೀನ್ ಕಾರ್ಡ್ ಮೇಲೆ ಟೆಕ್ಸಾಸ್‌ಗೆ ಬಂದು ಒಂದೂವರೆ ವರ್ಷ. ಇಲ್ಲಿನ ಸೈನ್ಯ ಸೇರಿ ನಾಲ್ಕು ತಿಂಗಳು. ಊರಲ್ಲಿ ಅಮ್ಮ ಒಬ್ಬಳೇ. ಮನುಷ್ಯನ ಆಕಾರದ ಗುರಿಗೆ ಗುಂಡು ಹೊಡೆದ ದಿನದಿಂದ ನಿದ್ದೆ ಸರಿಯಿಲ್ಲ. ಇಲ್ಲಿ ಬದುಕು ಹೇಗಿರುತ್ತದೆ, ಬಂದೂಕು ಹಿಡಿದ ಕೈಯಲ್ಲಿ ಇಗರ್ಜಿಯ (ಚರ್ಚಿನ) ಪೂಜೆಯಲ್ಲಿ ಕೊಡುವ ಪರಮಪ್ರಸಾದ ತಗೊಳ್ಳಬಹುದಾ ಅಂತ ಕೇಳಿದ್ದೀಯ. ನಾನೂ ಕಾರವಾರದ ಕಡೆಯವನೇ. 2009ರಲ್ಲಿ ಸೇರಿದೆ, ಎಂಟು ವರ್ಷ ಗಾಡಿ ರಿಪೇರಿ ಮಾಡಿದೆ, ಈಗ ಹೊರಗಿದ್ದೇನೆ.

ಬದುಕಿನ ಮಾತು ಬೇಗ ಮುಗಿಸುತ್ತೇನೆ. ಸಂಬಳ ತಿಂಗಳಿಗೆ ಎರಡು ಸಲ ತಪ್ಪದೆ ಬರುತ್ತದೆ. ಫ್ರೀಜ್ ಮಾಡಿದ ಬಂಗಡೆ ಸಿಗುತ್ತದೆ, ಅದನ್ನು ಬಂಗಡೆ ಅಂತ ಕರೆಯಲು ನನಗೆ ಇನ್ನೂ ಮನಸ್ಸಿಲ್ಲ. ಪೌರತ್ವ ಬೇರೆಯವರಿಗಿಂತ ಬೇಗ ಆಗುತ್ತದೆ. ಆದರೆ ನಿನ್ನ ರಿಕ್ರೂಟರ್‌ಗೆ ಬಹುಶಃ ಗೊತ್ತೇ ಇಲ್ಲದ ಒಂದು ವಿಷಯ ಇದೆ: ವಿದೇಶಿ ಸೈನ್ಯದಲ್ಲಿ ಇದ್ದವರಿಗೆ, ನಿವೃತ್ತರಾದರೂ ಸರಿ, ಭಾರತ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್) ಕೊಡುವುದಿಲ್ಲ. ಪೌರತ್ವ ಬದಲಾದ ಮೇಲೆ ಊರಿಗೆ ಹೋಗಬೇಕಾದರೆ ವೀಸಾಕ್ಕೆ ಕಾಯಬೇಕು. ನನ್ನ ಅಪ್ಪ ತೀರಿಕೊಂಡಾಗ ವೀಸಾ ಕೈಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅರ್ಗಾದಲ್ಲಿದ್ದ ನಮ್ಮ ಗದ್ದೆ ಸೀಬರ್ಡ್ ಯೋಜನೆಗೆ, ಅದೇ ನೌಕಾನೆಲೆಗೆ ಹೋದದ್ದು. "ಒಂದು ಸೈನ್ಯಕ್ಕೆ ಗದ್ದೆ ಕೊಟ್ಟೆ, ಇನ್ನೊಂದಕ್ಕೆ ಮಗನನ್ನು ಕೊಟ್ಟೆ" ಅಂತ ಅಪ್ಪ ಫೋನಿನಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇನ್ನು ಬಂದೂಕು. ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೂರನೇ ಅಧ್ಯಾಯ ತೆಗೆದು ನೋಡು. ಸಿಪಾಯಿಗಳು ಸ್ನಾನಿಕ ಯೊವಾನ್ನರ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಕೆಲಸ ಬಿಡಿ ಅಂತ ಅವರು ಹೇಳುವುದಿಲ್ಲ. ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಬರುವ ಸಂಬಳ ಸಾಕು ಅಂದುಕೊಳ್ಳಿ, ಇಷ್ಟೇ. ಪರಮಪ್ರಸಾದಕ್ಕೆ ಮುಂಚೆ ನಾವೆಲ್ಲ "ಪ್ರಭುವೇ, ನಾನು ಯೋಗ್ಯನಲ್ಲ" ಅಂತ ಹೇಳುತ್ತೇವಲ್ಲ, ಅದು ಮೊದಲು ಒಬ್ಬ ರೋಮನ್ ಶತಾಧಿಪತಿ ಯೇಸುವಿಗೆ ಹೇಳಿದ ಮಾತು. ಸಿಪಾಯಿಯೊಬ್ಬನ ಮಾತನ್ನೇ ಹೇಳಿ ನಮ್ಮೂರಿನ ಅಜ್ಜಿಯಂದಿರೂ ಪ್ರಸಾದ ತಗೊಳ್ಳುತ್ತಾರೆ. ಇದನ್ನು ಒಪ್ಪದ ಕ್ರೈಸ್ತರೂ ಇದ್ದಾರೆ, ಮೆನ್ನೊನೈಟರು, ಕ್ವೇಕರರು, ಅವರ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಿನಗೂ ಕೊನೆಗೆ ಹಾಗೇ ಅನ್ನಿಸಿದರೆ, ಯುದ್ಧ ಮಾಡಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಸೈನ್ಯದೊಳಗೇ ಅರ್ಜಿ ಹಾಕುವ ದಾರಿ ಇದೆ. ಓಡಿಹೋಗುವ ಯೋಚನೆ ಮಾತ್ರ ಮಾಡಬೇಡ.

ನಾನು ಯಾರ ಮೇಲೂ ಒಂದು ಗುಂಡು ಹಾರಿಸಿದವನಲ್ಲ. ನಾನು ತಪ್ಪು ಮಾಡಿದ್ದು ಪೆನ್ನು ಹಿಡಿದು. 2011ರ ಕೊನೆಗೆ ಇರಾಕ್‌ನಿಂದ ಪಡೆಗಳು ವಾಪಸ್ ಬರುತ್ತಿದ್ದವು, ಕೊನೆಯ ಸಾಲು ಡಿಸೆಂಬರ್ 18ಕ್ಕೆ ಕುವೈತ್ ಗಡಿ ದಾಟಿತು. ನಾವು ಕುವೈತ್ ಕಡೆ ಇದ್ದೆವು. ಹಗಲು ರಾತ್ರಿ ಲಾರಿಗಳು. ಒಂದು ರಾತ್ರಿ ಒಂದು ಲಾರಿಯ ಚಕ್ರದ ನಟ್ಟುಗಳನ್ನು ಮುಟ್ಟದೆಯೇ, ಬಿಗಿ ನೋಡಿದ್ದೇನೆ ಅಂತ ಹಾಳೆಗೆ ಸಹಿ ಹಾಕಿದೆ. ಹತ್ತು ನಿಮಿಷದ ಕೆಲಸ. ಮರುದಿನ ದಾರಿಯಲ್ಲಿ ಚಕ್ರ ಕಳಚಿತು, ಲಾರಿ ಮಗುಚಿತು, ಓಡಿಸುತ್ತಿದ್ದ ಹುಡುಗನ ಮೊಣಕಾಲು ಪುಡಿಯಾಯಿತು. ವಿಚಾರಣೆಯಲ್ಲಿ ಬೋಲ್ಟು ಹಳೆಯದು ಅಂತ ಬರೆದು ಮುಗಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ನೋಡು. ರಾತ್ರಿ ಎದ್ದು ಹೋಗಿ ನಿಂತ ಗಾಡಿಗಳ ನಟ್ಟು ಬಿಗಿ ಮಾಡುತ್ತಿದ್ದೆ, ಮೊದಲೇ ಬಿಗಿಯಾಗಿದ್ದವನ್ನು. ತೇರ್ಸ್ (ಜಪಮಾಲೆ) ಹೇಳಲು ಕೂತರೆ ಎರಡನೇ ಹತ್ತು ಮಣಿಗೆ ಬಾಯಿ ನಿಂತುಹೋಗುತ್ತಿತ್ತು.

ಕೊನೆಗೆ ಚಾಪ್ಲೆನ್ ಹತ್ತಿರ, ಅಂದರೆ ಸೈನ್ಯದ ಧರ್ಮಗುರುಗಳ ಹತ್ತಿರ ಹೋದೆ. (ಅಮ್ಮನಿಗೆ ಈ ಪದ ಹೇಳಿದಾಗ, ಆ ಸಿನಿಮಾದವನಾ ಅಂತ ಕೇಳಿದಳು.) ನಿನ್ನ ಬೆಟಾಲಿಯನ್‌ನಲ್ಲೂ ಒಬ್ಬರು ಇರುತ್ತಾರೆ. ಅವರು ಆಯುಧ ಹಿಡಿಯುವುದಿಲ್ಲ, ಜೊತೆಗಿರುವ ಸಹಾಯಕ ಹಿಡಿಯುತ್ತಾನೆ. ನೀನು ಗುಟ್ಟಾಗಿ ಹೇಳಿದ್ದನ್ನು ನಿನ್ನ ಕಮಾಂಡರ್ ಕೇಳಿದರೂ ಅವರು ಹೇಳುವಂತಿಲ್ಲ. ಇದು ನಿನಗೆ ಗೊತ್ತಿರಬೇಕು, ಹೊಸಬರಲ್ಲಿ ಎಷ್ಟೋ ಜನ ಚಾಪ್ಲೆನ್ ಅಂದರೆ ಅಧಿಕಾರಿಯ ಕಿವಿ ಅಂದುಕೊಂಡು ದೂರ ಇರುತ್ತಾರೆ. ನಮ್ಮ ಚಾಪ್ಲೆನ್ ಬ್ಯಾಪ್ಟಿಸ್ಟ್, ಕಥೋಲಿಕರಲ್ಲ. ಕುಮ್ಸಾರ್ ಕೇಳುವುದು ನನ್ನ ಕೆಲಸ ಅಲ್ಲ ಅಂದರು, ಆದರೆ ಒಂದು ಗಂಟೆ ಸುಮ್ಮನೆ ಕೂತು ಕೇಳಿದರು. ಸೈನ್ಯದಲ್ಲಿ ಕಥೋಲಿಕ ಗುರುಗಳು ಕಡಿಮೆ. ನಮ್ಮ ಕಡೆ ಒಬ್ಬರು ಬರಲು ಮೂರು ವಾರ ಹಿಡಿಯಿತು.

ಟೆಂಟಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ನಡುವೆ ಇಂಗ್ಲಿಷ್ ಕೈಕೊಟ್ಟು ಸ್ವಲ್ಪ ಹೊತ್ತು ಕೊಂಕಣಿಯಲ್ಲೇ ಹೇಳಿದೆ, ಅವರು ತಡೆಯಲಿಲ್ಲ. ಪಾಪಕ್ಷಮೆ ಕೊಟ್ಟು, ಪ್ರಾಯಶ್ಚಿತ್ತಕ್ಕೆ 51ನೇ ಕೀರ್ತನೆ ಒಂದು ಸಲ ಓದು ಅಂದರು. ನನಗೆ ಸಿಟ್ಟು ಬಂತು. ಒಬ್ಬನ ಕಾಲು ಹೋಗಿದೆ, ಒಂದು ಕೀರ್ತನೆಯಾ? "ನೀನು ಶಿಕ್ಷೆ ಹುಡುಕಿಕೊಂಡು ಬಂದಿದ್ದೀಯ, ಅದು ನನ್ನ ಹತ್ತಿರ ಇಲ್ಲ" ಅಂದರು. ಎದ್ದು ಹೊರಡುವಾಗ ಮತ್ತಾಯ ಐದನೇ ಅಧ್ಯಾಯ ನೆನಪಿಸಿದರು. ನಿನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು, ಆ ಭಾಗ. ಹೋಗಲೇಬೇಕು ಅಂತ ಒತ್ತಾಯ ಮಾಡಲಿಲ್ಲ.

ಎರಡು ದಿನ ಬಿಟ್ಟು ಸಾರ್ಜೆಂಟ್‌ಗೆ ಹೇಳಿದೆ. ಒಂದು ದರ್ಜೆ ಕೆಳಗಿಳಿಸಿದರು, ಎರಡು ತಿಂಗಳು ಅರ್ಧ ಸಂಬಳ ಹಿಡಿದರು. ಅಮ್ಮನಿಗೆ ಬ್ಯಾಂಕಿನದು ಏನೋ ತೊಂದರೆ ಅಂತ ಸುಳ್ಳು ಹೇಳಿದೆ, ಅದಕ್ಕೆ ಇನ್ನೊಂದು ಕುಮ್ಸಾರ್. ಆಸ್ಪತ್ರೆಯಲ್ಲಿದ್ದ ಆ ಹುಡುಗನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿದ. "ಸರಿ, ಕೇಳಿಸಿತು" ಅಂದು ಇಟ್ಟ. ಇವತ್ತಿನವರೆಗೆ ಮತ್ತೆ ಮಾತಾಡಿಲ್ಲ. ಅವನು ಕ್ಷಮಿಸಿದ್ದಾನಾ, ನನಗೆ ಗೊತ್ತಿಲ್ಲ. ಆದರೆ ಆ ರಾತ್ರಿ ನಟ್ಟು ಬಿಗಿ ಮಾಡಲು ಏಳಲಿಲ್ಲ. ಪ್ರತಿ ಪೂಜೆಯಲ್ಲಿ ಈಗಲೂ ಅವನ ಹೆಸರು ಹೇಳುತ್ತೇನೆ. ಅದರಿಂದ ಅವನ ಮೊಣಕಾಲು ಸರಿಹೋಗುವುದಿಲ್ಲ, ಗೊತ್ತು.

ಅಪ್ಪನ ಮಣ್ಣಿಗೆ ಹೋಗಲಾಗದ್ದನ್ನೂ ಆಮೇಲೆ ಊರಿಗೆ ಬಂದಾಗ ಕುಮ್ಸಾರಿನಲ್ಲಿ ಹೇಳಿದೆ. ನಮ್ಮ ಇಗರ್ಜಿಯ ಪಾದ್ರಿ ಅರ್ಧಕ್ಕೇ ತಡೆದು, ಇದು ಪಾಪ ಅಲ್ಲ ಮಾರಾಯ, ಹೋಗಿ ಅಪ್ಪನ ಗೋರಿ ಹತ್ತಿರ ಸ್ವಲ್ಪ ಹೊತ್ತು ಕೂತುಕೋ ಅಂದರು. ನೀನೂ ಇದನ್ನು ಬೇರೆ ಮಾಡಿ ನೋಡಬೇಕು. ಗುರಿಗೆ ಗುಂಡು ಹೊಡೆದದ್ದರಲ್ಲಿ ನೀನು ಯಾರಿಗೂ ಕೆಡುಕು ಮಾಡಿಲ್ಲ. ಅದು ಹೆದರಿಕೆ, ಚಾಪ್ಲೆನ್ ಹತ್ತಿರ ಹೇಳಿಕೋ. ಅಮ್ಮನಿಗೆ ಏನೋ ಮುಚ್ಚಿಟ್ಟು ಬಂದಿದ್ದೀಯ ಅಂತ ನಿನ್ನ ಬರಹದಲ್ಲಿ ಕಾಣುತ್ತದೆ, ಕುಮ್ಸಾರಿಗೆ ಅದನ್ನು ತಗೊಂಡು ಹೋಗು. ನಿದ್ದೆ ಹೀಗೇ ಕೆಟ್ಟರೆ ಡಾಕ್ಟರನ್ನೂ ನೋಡು, ಪ್ರಾರ್ಥನೆ ಇದ್ದರೆ ಮಾತ್ರೆ ಬೇಡ ಅನ್ನುವವರ ಮಾತು ಕೇಳಬೇಡ. ರಾತ್ರಿ ತೀರಾ ಕೆಟ್ಟ ಯೋಚನೆ ಬಂದರೆ 988ಕ್ಕೆ ಫೋನ್ ಮಾಡಿ 1 ಒತ್ತು, ಸಿಪಾಯಿಗಳಿಗೆ, ಮಾಜಿ ಸಿಪಾಯಿಗಳಿಗೆ ಅಂತಲೇ ಇರುವ ಸಹಾಯವಾಣಿ ಅದು.

ಅಮ್ಮನಿಗೆ ಯಾವಾಗ ಫೋನ್ ಮಾಡಲಿ ಅಂತಲೂ ಕೇಳಿದ್ದೀಯಲ್ವಾ. ಬೇಸಿಗೆಯಲ್ಲಿ ನಿನ್ನ ಶನಿವಾರ ರಾತ್ರಿ ಒಂಬತ್ತೂವರೆ ಅಂದರೆ ಕಾರವಾರದಲ್ಲಿ ಭಾನುವಾರ ಬೆಳಿಗ್ಗೆ ಎಂಟು. ಚಳಿಗಾಲದಲ್ಲಿ ಒಂದು ಗಂಟೆ ಮುಂಚೆ ಮಾಡು. ಪೂಜೆ ಮುಗಿಸಿ ಬರುವವರೆಗೆ ಎತ್ತದಿದ್ದರೆ ಗಾಬರಿ ಆಗಬೇಡ.